ರಾಜನ್ ತಾನಾಗಿ ಕಾಣೆಯಾದವನಲ್ಲ

ನಮ್ಮ ದಿನಪತ್ರಿಕೆಗಳ ಒಳಪುಟದಲ್ಲಿ ‘ಕಾಣೆಯಾಗಿದ್ದಾರೆ’ ಎಂಬ ಪ್ರಕಟಣೆ ಆಗಾಗ ಬರುತ್ತದೆ. ಒಂದು ಮಸುಕಾದ ಭಾವಚಿತ್ರ, ವಯಸ್ಸು, ಎತ್ತರ, ಮನೆ ಬಿಟ್ಟಾಗ ತೊಟ್ಟಿದ್ದ ಬಟ್ಟೆಯ ಬಣ್ಣ, ಕೊನೆಯಲ್ಲಿ ಪೊಲೀಸ್ ಠಾಣೆಯ ದೂರವಾಣಿ ಸಂಖ್ಯೆ. ಪೊಲೀಸರೇ ಕರೆದೊಯ್ದು ಇಲ್ಲವಾಗಿಸಿದ ಮನುಷ್ಯನ ಬಗ್ಗೆ ಹೇಳುವಾಗಲೂ ನಾವು ಅದೇ ಮಾತನ್ನು ಬಳಸುತ್ತೇವೆ. ಕಾಣೆಯಾದ, ನಾಪತ್ತೆಯಾದ, ಕಣ್ಮರೆಯಾದ ಎನ್ನುತ್ತೇವೆ. ಅವನೇ ಎದ್ದು ಎಲ್ಲಿಗೋ ಹೊರಟುಹೋದನೆಂಬಂತೆ. ಕೇರಳದ ಪಿ. ರಾಜನ್ ವಿಷಯದಲ್ಲಿ ಹಾಗೆ ಬರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ. ಆತನನ್ನು ಪೊಲೀಸರು ಕಾಣೆ ಮಾಡಿದರು.

1976ರ ಫೆಬ್ರವರಿ ಕೊನೆಯಲ್ಲಿ, ತುರ್ತು ಪರಿಸ್ಥಿತಿಯ ನಡುವೆ, ಕೋಳಿಕ್ಕೋಡ್ ಜಿಲ್ಲೆಯ ಕಾಯಣ್ಣ ಪೊಲೀಸ್ ಠಾಣೆಯ ಮೇಲೆ ನಕ್ಸಲೀಯರು ದಾಳಿ ಮಾಡಿದರು. ಅದರ ತನಿಖೆಯ ಹೆಸರಿನಲ್ಲಿ ಸುತ್ತಲಿನ ಹಳ್ಳಿಗಳಿಂದಲೂ ಕಾಲೇಜುಗಳಿಂದಲೂ ಅನುಮಾನ ಬಂದವರನ್ನೆಲ್ಲ ಎಳೆದುತರುವುದು ಶುರುವಾಯಿತು. ರಾಜನ್ ಅಲ್ಲಿನ ಪ್ರಾದೇಶಿಕ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದುತ್ತಿದ್ದ, ಹಾಡುಗಾರನೆಂದು ಹೆಸರಾಗಿದ್ದ ಹುಡುಗ. ಮಾರ್ಚ್ 1ರ ಬೆಳಗಿನ ಜಾವ, ಕಲೋತ್ಸವ ಮುಗಿಸಿ ಹಾಸ್ಟೆಲಿಗೆ ಮರಳಿದ್ದ ಆತನನ್ನು ಸಹಪಾಠಿಗಳ ಕಣ್ಣೆದುರೇ ಪೊಲೀಸರು ಕರೆದೊಯ್ದರು. ಕಕ್ಕಯಂನಲ್ಲಿ ಅವರ ಶಿಬಿರವಿತ್ತು. ಹಿಡಿದು ತಂದವರನ್ನು ಬೆಂಚಿನ ಮೇಲೆ ಮಲಗಿಸಿ ಕಟ್ಟಿ, ತೊಡೆಗಳ ಮೇಲೆ ಭಾರವಾದ ಮರದ ಒನಕೆಯನ್ನು ಒತ್ತಿ ಉರುಳಿಸುತ್ತಿದ್ದರು. ಮಲಯಾಳದಲ್ಲಿ ಅದಕ್ಕೆ ‘ಉರುಟ್ಟಲ್’ ಎಂಬ ಹೆಸರೇ ಇದೆ. ನಮ್ಮ ‘ಉರುಳಿಸು’ ಅದರ ಒಡಹುಟ್ಟಿದ ಪದ. ಭತ್ತ ಕುಟ್ಟುವ ಸಾಧನಕ್ಕೆ ಇಂಥದೊಂದು ಬಳಕೆಯನ್ನು ಕಂಡುಹಿಡಿದ ಮನಸ್ಸು ಎಂಥದಿರಬಹುದೆಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ರಾಜನ್‌ನ ಬಂಧನವನ್ನು ಯಾವ ದಾಖಲೆಯಲ್ಲೂ ಬರೆಯಲಿಲ್ಲ. ಬಂಧಿಸಿದವರನ್ನು 24 ಗಂಟೆಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕೆಂದು ಸಂವಿಧಾನದ 22ನೆಯ ವಿಧಿ ಹೇಳುತ್ತದೆ. ಆದರೆ ಬಂಧಿಸಿಯೇ ಇಲ್ಲವೆಂದ ಮೇಲೆ ಆ 24 ಗಂಟೆಗಳ ಲೆಕ್ಕ ಎಲ್ಲಿಂದ ಶುರುವಾಗಬೇಕು? ತಂದೆ ಟಿ. ವಿ. ಈಚರ ವಾರಿಯರ್ ಹಿಂದಿ ಪ್ರಾಧ್ಯಾಪಕರಾಗಿದ್ದವರು. ಮಗನನ್ನು ಪೊಲೀಸರು ಒಯ್ದ ಸುದ್ದಿ ಅವರಿಗೆ ಮುಟ್ಟಿದ್ದು ಕಾಲೇಜಿನ ಪ್ರಾಂಶುಪಾಲರು ತಿಳಿಸಿದ್ದರಿಂದ. ಅವರು ಕಕ್ಕಯಂ ಶಿಬಿರದ ತನಕ ಹೋದರು, ಒಳಗೆ ಬಿಡಲಿಲ್ಲ. ಗೃಹ ಸಚಿವ ಕೆ. ಕರುಣಾಕರನ್ ಅವರನ್ನು ಕಂಡರು. ಮನವಿಯ ಮೇಲೆ ಮನವಿ ಬರೆದರು. ರಾತ್ರಿ ಹೊತ್ತಲ್ಲದ ಹೊತ್ತಿನಲ್ಲಿ ಮಗ ಹಸಿದು ಬಂದಾನೆಂದು ಅವನ ಪಾಲಿನ ಊಟವನ್ನು ಎತ್ತಿಡುವಂತೆ ಹೆಂಡತಿಗೆ ಹೇಳುತ್ತಿದ್ದರು.

ಕೋರ್ಟಿಗೆ ಹೋಗುವ ದಾರಿಯೂ ಆಗ ಮುಚ್ಚಿತ್ತು. 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೈಕಿ ನಾಲ್ವರು, ತುರ್ತು ಪರಿಸ್ಥಿತಿಯಲ್ಲಿ ಬಂಧಿತರ ಪರವಾಗಿ ಹೇಬಿಯಸ್ ಕಾರ್ಪಸ್ ಅರ್ಜಿ (ಬಂಧಿತನನ್ನು ಕೋರ್ಟಿನ ಮುಂದೆ ಹಾಜರುಪಡಿಸಿ ಎಂದು ಕೇಳುವ ಅರ್ಜಿ) ಹಾಕುವ ಹಕ್ಕು ಯಾರಿಗೂ ಇಲ್ಲವೆಂದರು. ಎಚ್. ಆರ್. ಖನ್ನಾ ಒಬ್ಬರೇ ಒಪ್ಪಲಿಲ್ಲ. ಆ ತೀರ್ಪು ಬಂದು ಮೂರೇ ದಿನಕ್ಕೆ ನಮ್ಮ ಬೆಂಗಳೂರಿನಲ್ಲಿ, ಭೂಗತರಾಗಿದ್ದ ಜಾರ್ಜ್ ಫರ್ನಾಂಡಿಸ್ ಎಲ್ಲಿದ್ದಾರೆಂದು ತಿಳಿಯಲು ಅವರ ತಮ್ಮ ಲಾರೆನ್ಸ್ ಅವರನ್ನು ಮನೆಯಿಂದ ಕರೆದೊಯ್ದ ಪೊಲೀಸರು, ಬಂಧನವನ್ನು ದಾಖಲಿಸದೆಯೇ ದಿನಗಟ್ಟಲೆ ಬಡಿದರು. ಲಾರೆನ್ಸ್ ಜೀವಸಹಿತ ಉಳಿದರು, ಆದರೆ ಮುರಿದ ದೇಹದೊಂದಿಗೆ. ಆದ್ದರಿಂದ ರಾಜನ್ ಪ್ರಕರಣವನ್ನು ಪಕ್ಕದ ರಾಜ್ಯದ ಕಥೆಯೆಂದು ದೂರವಿಟ್ಟು ಓದಲು ನನಗೆ ಸಾಧ್ಯವಿಲ್ಲ.

1977ರ ಮಾರ್ಚಿನಲ್ಲಿ ತುರ್ತು ಪರಿಸ್ಥಿತಿ ತೆರವಾದ ಕೂಡಲೇ ವಾರಿಯರ್ ಕೇರಳ ಹೈಕೋರ್ಟಿಗೆ ಹೇಬಿಯಸ್ ಕಾರ್ಪಸ್ ಅರ್ಜಿ ಸಲ್ಲಿಸಿದರು. ಅಷ್ಟರಲ್ಲಿ ಕರುಣಾಕರನ್ ಮುಖ್ಯಮಂತ್ರಿಯಾಗಿದ್ದರು. ರಾಜನ್‌ನನ್ನು ಬಂಧಿಸಿಯೇ ಇಲ್ಲವೆಂದು ಸರ್ಕಾರದ ಕಡೆಯವರು ಪ್ರಮಾಣಪತ್ರ ಸಲ್ಲಿಸಿದರು. ಅದಕ್ಕೆದುರಾಗಿ ನಿಂತವರು ಯಾರೆಂಬುದನ್ನು ನಾನು ಒತ್ತಿ ಹೇಳಬೇಕು: ಪ್ರಾಂಶುಪಾಲರು, ಹಾಸ್ಟೆಲಿನಲ್ಲಿ ಕಂಡವರು, ಶಿಬಿರದಲ್ಲಿ ತಾವೂ ಒನಕೆಯ ಕೆಳಗೆ ಮಲಗಿ ಎದ್ದು ಬಂದವರು. ಪೊಲೀಸರು ಬರೆಯದೆ ಬಿಟ್ಟದ್ದನ್ನು ಇವರು ಒಬ್ಬೊಬ್ಬರಾಗಿ ನ್ಯಾಯಾಲಯದ ಮುಂದೆ ಹೇಳಿದರು. ಹೈಕೋರ್ಟು ಅವರ ಮಾತನ್ನು ನಂಬಿತು, ರಾಜನ್‌ನನ್ನು ಹಾಜರುಪಡಿಸಲು ಆದೇಶಿಸಿತು. ಅಧಿಕಾರ ವಹಿಸಿ ತಿಂಗಳು ತುಂಬುವಷ್ಟರಲ್ಲಿ ಕರುಣಾಕರನ್ ರಾಜೀನಾಮೆ ಕೊಟ್ಟರು. ಆಮೇಲೆ ಮೇ ತಿಂಗಳಲ್ಲಿ ಸರ್ಕಾರವೇ ಒಪ್ಪಿಕೊಂಡಿತು: ರಾಜನ್ ಬಂಧನದ ಮರುದಿನವೇ, 1976ರ ಮಾರ್ಚ್ 2ರಂದು, ಕಕ್ಕಯಂ ಶಿಬಿರದಲ್ಲಿ ಪೊಲೀಸರ ಹಿಂಸೆಯಿಂದ ಸತ್ತಿದ್ದ. ತಂದೆ ಅಲೆದ ಒಂದು ವರ್ಷವಿಡೀ, ಎತ್ತಿಟ್ಟ ಪ್ರತಿ ಊಟದ ಹೊತ್ತಿಗೂ, ಆತ ಇರಲಿಲ್ಲ.

ಶವ ಸಿಗಲೇ ಇಲ್ಲ. ಕೊಲೆಯೆಂದು ಯಾರಿಗೂ ಶಿಕ್ಷೆಯಾಗಲಿಲ್ಲ.

ಬಂಧಿಸುವಾಗ ಸಾಕ್ಷಿಯ ಸಹಿಯಿರುವ ಪತ್ರ ತಯಾರಿಸಬೇಕು, ಮನೆಯವರಿಗೆ ತಿಳಿಸಬೇಕು ಎಂದು 1996ರಲ್ಲಿ ಡಿ. ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟು ವಿಧಿಸಿತು. ಬಲವಂತದ ಕಣ್ಮರೆಯ ವಿರುದ್ಧದ ವಿಶ್ವಸಂಸ್ಥೆಯ ಒಡಂಬಡಿಕೆಗೆ ಭಾರತ 2007ರಲ್ಲಿ ಸಹಿ ಹಾಕಿತಾದರೂ ಅದನ್ನು ಸ್ಥಿರೀಕರಿಸಿಲ್ಲ. ಅಪಹರಣ, ಅಕ್ರಮ ಬಂಧನ, ಕೊಲೆ ಎಂದು ಬಿಡಿಬಿಡಿಯಾಗಿ ಆರೋಪ ಹೊರಿಸಬಹುದು. ಕರೆದೊಯ್ದು ‘ನಮ್ಮಲ್ಲಿಲ್ಲ’ ಎನ್ನುವುದಕ್ಕೆ ಪ್ರತ್ಯೇಕ ಅಪರಾಧವೆಂಬ ಹೆಸರು ನಮ್ಮ ಕಾನೂನಿನಲ್ಲಿಲ್ಲ. ಶವವಿಲ್ಲದೆ ಕೊಲೆಯನ್ನು ಸಾಬೀತುಪಡಿಸುವ ಕಷ್ಟವೆಲ್ಲ ಕಳೆದುಕೊಂಡವರ ಪಾಲಿಗೇ ಬರುತ್ತದೆ. ಇದು ಅನ್ಯಾಯವೆಂದು ನಾನು ಭಾವಿಸುತ್ತೇನೆ.

ರಾಜನ್‌ನ ತಾಯಿಗೆ ಮಗ ಸತ್ತನೆಂಬುದನ್ನು ಬಹುಕಾಲ ಹೇಳಿರಲಿಲ್ಲ. ಅವರ ಮನಸ್ಸಿನ ಸ್ವಾಸ್ಥ್ಯ ಕೆಟ್ಟಿತ್ತು. ಮಗನೆಲ್ಲಿ ಎಂದು ಕೇಳುತ್ತಲೇ ಇದ್ದರು. 2000ದಲ್ಲಿ ಅವರು ತೀರಿಕೊಂಡರು. ಅದಕ್ಕೆ ಮುಂಚೆ, ನಾಣ್ಯಗಳನ್ನು ಕಟ್ಟಿಟ್ಟಿದ್ದ ಒಂದು ಪುಟ್ಟ ಗಂಟನ್ನು ಗಂಡನ ಕೈಗಿತ್ತು, ರಾಜನ್‌ಗೆ ಕೊಡಿ ಎಂದಿದ್ದರು.