ಮಂಜೂರಾದದ್ದಕ್ಕಿಂತ ಕಮ್ಮಿ

ಗೃಹಸಾಲ ಕೊಡಿಸುವ ಬ್ರೋಕರ್ ಹತ್ತಿರ ಜನ ನಗುತ್ತಾ ಬರುವುದು ಸಾಲ ಮಂಜೂರಾದ ದಿನ ಮಾತ್ರ. ಉಳಿದ ದಿನಗಳಲ್ಲೆಲ್ಲ ಅವರ ಕೈಯಲ್ಲಿ ಸಂಬಳದ ಸ್ಲಿಪ್ಪು, ಮುಖದಲ್ಲಿ ಗಾಬರಿ. ಮೊನ್ನೆ ಬಂದ ಗಂಡ ಹೆಂಡತಿಗೆ ಕೇಳಿದ್ದಕ್ಕಿಂತ ಜಾಸ್ತಿಯೇ ಮಂಜೂರಾಗಿತ್ತು. ಪತ್ರ ಓದಿ ಮುಗಿಸುವಷ್ಟರಲ್ಲಿ ಗಂಡನ ಮನಸ್ಸಿನ ಮನೆಗೆ ಇನ್ನೊಂದು ಕೋಣೆ ಸೇರಿತ್ತು. "ಸರ್, ಹಾಗಾದ್ರೆ ಆ ದೊಡ್ಡ ಮನೆಯನ್ನೇ ನೋಡಬಹುದಲ್ವಾ?"

ಹೆಂಡತಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದರು: "ಬ್ಯಾಂಕಿನವರು ಇಷ್ಟು ಕೊಡ್ತೀವಿ ಅಂದ್ರೆ, ನಾವು ಇಷ್ಟು ತೀರಿಸಬಲ್ಲೆವು ಅಂತ ತಾನೇ ಸರ್?"

ಅಲ್ಲ ಮೇಡಂ, ಅಂದೆ. ಬ್ಯಾಂಕ್ ನೋಡುವುದು ಆದಾಯ, ಈಗಿರುವ ಬೇರೆ ಸಾಲಗಳು, ಹಿಂದಿನ ಸಾಲ ಕಟ್ಟಿದ ರೀತಿ, ಮನೆಯ ಬೆಲೆ. ಕೊಟ್ಟ ದುಡ್ಡು ವಾಪಸ್ ಬರುತ್ತಾ ಎನ್ನುವುದು ಅವರ ಲೆಕ್ಕ. ಬರದಿದ್ದರೆ ಅಡಮಾನಕ್ಕೆ ಮನೆ ಇದ್ದೇ ಇದೆ. ಅಮ್ಮನ ಔಷಧಿ ಖರ್ಚು ಹೆಚ್ಚಾಗಬಹುದು, ಮಗು ಹುಟ್ಟಿದರೆ ಇಬ್ಬರಲ್ಲಿ ಒಬ್ಬರು ಕೆಲಸ ಬಿಡಬೇಕಾಗಬಹುದು. ಅದನ್ನೆಲ್ಲ ಬರೆಯಲು ಅರ್ಜಿಯಲ್ಲಿ ಜಾಗ ಎಲ್ಲಿದೆ?

ಇಲ್ಲೇ ಒಂದು ಮಾತು ಹೇಳಿಬಿಡುತ್ತೇನೆ. ನನಗೆ ಕಮಿಷನ್ ಬರುವುದು ಬ್ಯಾಂಕಿನಿಂದ, ಅದೂ ಸಾಲದ ಮೊತ್ತದ ಮೇಲೆ. ಸಾಲ ದೊಡ್ಡದಾದಷ್ಟೂ ನನಗೆ ಲಾಭ. ಇದನ್ನು ನಾನು ಎದುರಿಗೆ ಕೂತವರಿಗೂ ಹೇಳುತ್ತೇನೆ. ಕೇಳಿದ ಕೆಲವರು ಎದ್ದು ಹೋಗಿದ್ದಾರೆ, ಇರಲಿ.

ಆಮೇಲೆ ಹಾಳೆ ತೆಗೆದುಕೊಂಡು ಲೆಕ್ಕಕ್ಕೆ ಕೂತೆವು. ವರ್ಷಕ್ಕೆ ನೂರಕ್ಕೆ 9ರ ಬಡ್ಡಿ, 20 ವರ್ಷದ ಅವಧಿ ಅಂತಿಟ್ಟುಕೊಳ್ಳಿ. ಮೊದಲ ತಿಂಗಳ ಕಂತಿನಲ್ಲಿ ನೂರಕ್ಕೆ ಸುಮಾರು 83 ಪಾಲು ಬಡ್ಡಿಗೇ ಹೋಗುತ್ತದೆ. ಅಸಲಿಗೆ ಸೇರುವುದು ಉಳಿದ 17. ಇದು ಮೋಸವಲ್ಲ. ಬಡ್ಡಿ ಲೆಕ್ಕ ಹಾಕುವುದು ಬಾಕಿ ಇರುವ ಅಸಲಿನ ಮೇಲೆ, ಮೊದಲಿಗೆ ಬಾಕಿ ಜಾಸ್ತಿ, ಅಷ್ಟೇ. ಆದರೆ ಅದರ ಪರಿಣಾಮ ನೋಡಿ: ಅಸಲಿನ ಅರ್ಧ ತೀರುವ ಹೊತ್ತಿಗೆ 14 ವರ್ಷ ಕಳೆದಿರುತ್ತದೆ. ಗಂಡ ಇದನ್ನು ನಂಬಲಿಲ್ಲ. ತಮ್ಮ ಫೋನಿನಲ್ಲೇ ಲೆಕ್ಕ ಹಾಕಿ ನೋಡಿದರು. ಒಳ್ಳೆಯದೇ, ಬ್ರೋಕರ್ ಹೇಳಿದ್ದನ್ನು ಯಾರೂ ಹಾಗೇ ನಂಬಬಾರದು.

"ಅವಧಿಯನ್ನು 30 ವರ್ಷ ಮಾಡಿದ್ರೆ ಕಂತು ಇಳಿಯುತ್ತಲ್ವಾ?" ಎಂದರು ಅವರು. ಎಲ್ಲರೂ ಕೇಳುವ ಪ್ರಶ್ನೆ. ಇಳಿಯುತ್ತದೆ, ಆದರೆ ನೂರಕ್ಕೆ 11ರಷ್ಟು ಮಾತ್ರ. ಒಟ್ಟು ಕಟ್ಟುವ ಬಡ್ಡಿ ಮಾತ್ರ ನೂರಕ್ಕೆ 60ಕ್ಕೂ ಜಾಸ್ತಿ ಏರುತ್ತದೆ. ಕೈ ಬಿಗಿ ಇರುವವರಿಗೆ ಆ 11 ಕೂಡ ದೊಡ್ಡದೇ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಇವರ ವಿಷಯ ಹಾಗಿರಲಿಲ್ಲ. ಇವರಿಗೆ ದೊಡ್ಡ ಮನೆಯನ್ನು ಹೇಗಾದರೂ ಲೆಕ್ಕದೊಳಗೆ ತೂರಿಸಬೇಕಿತ್ತು.

ಅಷ್ಟರಲ್ಲಿ ಹಳೆಯ ಗ್ರಾಹಕರೊಬ್ಬರ ಫೋನ್. ಬದಲಾಗುವ ದರದ ಸಾಲ ಅವರದು. ಕಂತು ಮೊದಲಿನಷ್ಟೇ ಇದೆ, ತೀರುವ ತಾರೀಖು ಮಾತ್ರ ದೂರ ಹೋಗಿದೆ, ಇದೇನು ಅಂತ ಕೂಗಾಡಿದರು. ದರ ಏರಿದಾಗ ಕಂತನ್ನು ಹಾಗೇ ಉಳಿಸಿ ಅವಧಿ ಹಿಗ್ಗಿಸಿದರೆ ಆಗುವುದೇ ಹೀಗೆ. ಫೋನ್ ಇಟ್ಟ ಮೇಲೆ ಹಾಳೆಯಲ್ಲಿ ಅದನ್ನೂ ಬರೆದೆ: ಮೊದಲ ದಿನದಿಂದಲೇ ದರ 9ರ ಬದಲು 10 ಆಗಿ, ಕಂತು ಅಷ್ಟೇ ಇದ್ದರೆ, 20 ವರ್ಷದ ಸಾಲ 26 ವರ್ಷ ದಾಟುತ್ತದೆ. ಒಂದೇ ಒಂದು ಅಂಶಕ್ಕೆ ಆರು ವರ್ಷ. ಕೋಣೆಯ ಮಾತು ಅಲ್ಲಿಗೆ ನಿಂತಿತು.

ಆಗ ಹೆಂಡತಿ ಚೀಲದಿಂದ ಒಂದು ನೋಟ್‌ಬುಕ್ ತೆಗೆದರು. ತಿಂಗಳ ಖರ್ಚೆಲ್ಲ ಅದರಲ್ಲಿತ್ತು. ನನ್ನ ಮೇಜಿನ ಮೇಲೆ ಬರುವ ಕಾಗದಗಳಲ್ಲಿ ಇಷ್ಟು ಉಪಯೋಗಕ್ಕೆ ಬರುವುದು ಇನ್ನೊಂದಿಲ್ಲ, ಆದರೆ ಅದನ್ನು ಯಾವ ಬ್ಯಾಂಕೂ ಕೇಳುವುದಿಲ್ಲ. ಅದನ್ನಿಟ್ಟುಕೊಂಡು ಕಂತು ಎಷ್ಟಿರಬೇಕು ಅಂತ ಮೊದಲು ನಿರ್ಧರಿಸಿದೆವು. ಅಲ್ಲಿಂದ ಹಿಂದಕ್ಕೆ ಬಂದು ಸಾಲ ಎಷ್ಟು ಅಂತ ಲೆಕ್ಕ ಹಾಕಿದೆವು. ಮಂಜೂರಾದದ್ದಕ್ಕಿಂತ ಸಾಕಷ್ಟು ಕೆಳಗೆ ಬಂತು, ಅವರು ಮೊದಲು ಕೇಳಿದ್ದಕ್ಕಿಂತಲೂ ಸ್ವಲ್ಪ ಕೆಳಗೆ. ನನ್ನ ಕಮಿಷನ್ನೂ ಅದರ ಜೊತೆಗೇ ಇಳಿಯಿತು. ಒಳಗೊಳಗೇ ಚುರ್ ಅನ್ನಲಿಲ್ಲ ಅಂದರೆ ಸುಳ್ಳಾಗುತ್ತದೆ.

ವರ್ಷಕ್ಕೆ ಒಂದು ಕಂತು ಹೆಚ್ಚಿಗೆ ಕಟ್ಟಿದರೆ ಇದೇ 20 ವರ್ಷದ ಸಾಲ ಸುಮಾರು ಮೂರೂವರೆ ವರ್ಷ ಮೊದಲೇ ತೀರುತ್ತದೆ ಅಂದಾಗ ಗಂಡನ ಮುಖ ಸ್ವಲ್ಪ ಅರಳಿತು. "ಬೋನಸ್ ಬಂದ ವರ್ಷ ಕಟ್ಟೋಣ" ಎಂದರು. "ಬರದ ವರ್ಷ?" ಎಂದರು ಹೆಂಡತಿ. ಮುಂಚಿತವಾಗಿ ಕಟ್ಟಿದರೆ ಶುಲ್ಕ ಹಾಕುತ್ತಾರಾ ಅಂತ ಕರಾರುಪತ್ರದಲ್ಲಿ ನೋಡಿ ಹೇಳುತ್ತೇನೆ ಎಂದೆ.

ಮರುದಿನ ಗಂಡನ ಫೋನ್ ಬಂತು. "ಸರ್, ಮಂಜೂರಾತಿ ಪತ್ರ ವಾಪಸ್ ಕೊಡಬೇಕಾ?" ಬೇಡ, ಮಂಜೂರಾದಷ್ಟನ್ನೂ ತಗೊಳ್ಳಲೇಬೇಕು ಅಂತೇನಿಲ್ಲ, ಕಮ್ಮಿ ಮೊತ್ತ ಸಾಕು ಅಂತ ಒಂದು ಅರ್ಜಿ ಬರೆದುಕೊಡಿ ಅಂದೆ. ಸಂಜೆಯೇ ತಂದುಕೊಟ್ಟರು. ಸಹಿ ಇಬ್ಬರದ್ದೂ ಇತ್ತು, ಮೊತ್ತ ಬರೆದಿದ್ದು ಮಾತ್ರ ಹೆಂಡತಿಯ ಅಕ್ಷರದಲ್ಲಿ.