ಹಿಂದಿನ ಬಾಗಿಲು

ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಮಲ್ಲೇಶ್ವರದಲ್ಲಿ ಮನೆ ಖಾಲಿ ಮಾಡುವವರು ಯಾರಾದರೂ ಇದ್ದರೆ ನಾವೇ ಇರಬೇಕು. ಆಷಾಢದಲ್ಲಿ ಸಾಮಾನು ಸಾಗಿಸಬಾರದು ಅಂತ ದೊಡ್ಡಮ್ಮ ಪಟ್ಟು ಹಿಡಿದಿದ್ದರು. ಶ್ರಾವಣ ಬಂದ ಮೇಲೆ ಟೆಂಪೋ ಸಿಕ್ಕಿದ್ದು ಅವತ್ತೇ. ಹಬ್ಬ ಮಾತ್ರ ಯಲಹಂಕದ ಹೊಸ ಫ್ಲ್ಯಾಟಿನಲ್ಲೇ ಆಗಬೇಕಂತೆ. ಹಳೇ ಮನೆ ಬಿಲ್ಡರ್ ಕೈಗೆ ಹೋಗಿತ್ತು.

ಎಂಟನೇ ಕ್ರಾಸ್ ಮಾಮೂಲಿ ದಿನವೇ ಕಾಲಿಡೋಕೆ ಜಾಗ ಕೊಡಲ್ಲ. ಅವತ್ತಂತೂ ತಾವರೆ ಮೊಗ್ಗು, ಬಾಳೆಕಂದು, ಸೇವಂತಿಗೆ ಕುಕ್ಕೆ, ಚೌಕಾಸಿ. ಅಕ್ಕಪಕ್ಕದ ಕ್ರಾಸುಗಳಿಗೂ ವ್ಯಾಪಾರ ಹರಡಿತ್ತು. ಸಂಪಿಗೆ ರಸ್ತೆಯಿಂದ ಡ್ರೈವರ್ ಫೋನ್ ಮಾಡಿದ. ‘ಸಾರ್, ಮುಂದುಗಡೆ ಚಾನ್ಸೇ ಇಲ್ಲ. ಹಿಂದೆ ಕನ್ಸರ್ವೆನ್ಸಿ ಗಲ್ಲಿ ಇದೆಯಲ್ಲ, ಅಲ್ಲಿಗೆ ತರ್ತೀನಿ. ಬಾಗಿಲು ತೆಗೆದಿಡಿ.’

ಹಿತ್ತಲ ಬಾಗಿಲು ತೆಗೆದು ಇಪ್ಪತ್ತು ವರ್ಷವಾದರೂ ಆಗಿತ್ತು. ಚಿಲಕಕ್ಕೆ ತುಕ್ಕು ಹಿಡಿದಿತ್ತು. ದೊಡ್ಡಮ್ಮ ಕೊಬ್ಬರಿ ಎಣ್ಣೆ ಬಾಟಲಿ ತಂದರು, ನಾನು ರುಬ್ಬುಗುಂಡಿನಲ್ಲಿ ಕುಟ್ಟಿದೆ. ಕಡೆಗೆ ಚಿಲಕ ಜಾರಿತು, ಜೊತೆಗೆ ಬಾಗಿಲಿನ ಒಂದು ಹಲಗೆಯೂ ಕಿತ್ತು ಬಂತು. ‘ಬಿಡು, ಒಡೆಯೋ ಮನೆ ತಾನೆ’ ಅಂದರು.

ಹೊರಗೆ ಹತ್ತಡಿ ಅಗಲವೂ ಇಲ್ಲದ ಗಲ್ಲಿ. ಎರಡೂ ಕಡೆ ಮನೆಗಳ ಬೆನ್ನು. ಯಾರದೋ ಕೆಟ್ಟ ಸ್ಕೂಟರು, ಮರಳಿನ ಗುಡ್ಡೆ, ಒಂದು ಪರಂಗಿ ಗಿಡ. ಈಚೆಗೆ ಮಲ್ಲೇಶ್ವರದ ಕೆಲವು ಗಲ್ಲಿಗಳ ಗೋಡೆಗೆ ಚಿತ್ರ ಬರೆದು ಚೆಂದ ಮಾಡಿದ್ದಾರೆ. ನಮ್ಮದಕ್ಕೆ ಆ ಯೋಗ ಇನ್ನೂ ಬಂದಿರಲಿಲ್ಲ.

ಬಂದವರಿಗೆಲ್ಲ ನಾನು ಮಲ್ಲೇಶ್ವರ ತೋರಿಸಿದ್ದೇನೆ. ಹದಿನೈದನೇ ಕ್ರಾಸಿನಲ್ಲಿ ಸಿ. ವಿ. ರಾಮನ್ ಅವರ ಮನೆ ಪಂಚವಟಿ. ಶಿವಾಜಿಯ ಮಲಸಹೋದರ ವೆಂಕೋಜಿಯ 1669ರ ಶಾಸನ ಇರುವ ಕಾಡು ಮಲ್ಲೇಶ್ವರನ ಗುಡಿ. ಆಮೇಲೆ ವೀಣಾ ಸ್ಟೋರ್ಸ್ ಇಡ್ಲಿ. ಹಿಂದಿನ ಗಲ್ಲಿ ಮಾತ್ರ ಯಾರಿಗೂ ತೋರಿಸಿರಲಿಲ್ಲ. ಆದರೆ ಬಡಾವಣೆಯ ಕಥೆ ಜಾಸ್ತಿ ಇರೋದು ಅಲ್ಲೇ. 1898ರ ಆಗಸ್ಟಿನಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಪೇಟೆಯ ಇಕ್ಕಟ್ಟು ಮನೆಗಳಲ್ಲಿ ಜನ ಇಲಿ ಸತ್ತ ಹಾಗೆ ಸತ್ತರು. ಪ್ಲೇಗಿನ ಕೆಲಸಕ್ಕೆಂದೇ ಊರಲ್ಲಿ ಟೆಲಿಫೋನ್ ತಂತಿ ಎಳೆದರು. ಶೇಷಾದ್ರಿ ಅಯ್ಯರ್ ದಿವಾನರಾಗಿದ್ದ ಕಾಲ. ಮಲ್ಲೇಶ್ವರ, ಬಸವನಗುಡಿ ಎರಡೂ ಬೆಳೆದದ್ದು ಆ ಹೆದರಿಕೆಯಲ್ಲಿ. ನೇರ ರಸ್ತೆ, ಗಾಳಿ ಬೆಳಕು, ಲೆಕ್ಕ ಹಾಕಿ ಎಳೆದ ಕ್ರಾಸುಗಳು. ಸಾಲುಮನೆಗಳ ಬೆನ್ನಿಗೆ ಒಂದೊಂದು ಗಲ್ಲಿ. ಹೊಲಸು ಮುಂದಿನ ರಸ್ತೆಗೆ ಬರದೆ ಹಿಂದಿನಿಂದಲೇ ಹೋಗಲಿ ಅಂತ. ಹೊಲಸಿನ ಜೊತೆ ಅದನ್ನು ಎತ್ತುವವರೂ ಹಿಂದಿನಿಂದಲೇ ಬರಲಿ ಅಂತ.

ಟೆಂಪೋ ರಿವರ್ಸಿನಲ್ಲಿ ಬಂತು. ಹಂಡೆ, ಪಾತ್ರೆ, ದೇವರ ಮಂಟಪ ಸಲೀಸಾಗಿ ಹೋದವು. ಗಾಡ್ರೆಜ್ ಬೀರು ಬಾಗಿಲಲ್ಲಿ ಸಿಕ್ಕಿಕೊಂಡಿತು. ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ. ಹುಡುಗರಿಬ್ಬರು ಒಳಗೆ, ನಾನು ಗಲ್ಲಿಯಲ್ಲಿ. ಬಗ್ಗಿ ಬೀರುವಿನ ಕಾಲು ಹಿಡಿದಾಗ ಕಾಣಿಸಿತು. ಬಾಗಿಲಿನ ಪಕ್ಕ, ನೆಲಕ್ಕೆ ಅಂಟಿಕೊಂಡ ಹಾಗೆ, ಗೋಡೆಯಲ್ಲಿ ಒಂದು ಚೌಕ. ಮೊಳದಗಲ. ಇಟ್ಟಿಗೆ ತುಂಬಿ ಮುಚ್ಚಿದ್ದರು. ಮೇಲ್ತುದಿಯಲ್ಲಿ ಕಬ್ಬಿಣದ ಕೀಲು ಮಾತ್ರ ಉಳಿದಿತ್ತು.

‘ಇದೇನು ದೊಡ್ಡಮ್ಮ?’

ಸ್ವಲ್ಪ ಹೊತ್ತು ಮಾತಾಡಲಿಲ್ಲ. ‘ಕಕ್ಕಸಿಂದು. ನಾನು ಮದುವೆಯಾಗಿ ಬಂದ ಹೊಸತರಲ್ಲಿ ಇತ್ತು. ಬೆಳಗಿನ ಜಾವ ಅವಳು ಬಂದು ತಗಡು ಎತ್ತಿ ಬಕೆಟ್ಟು ಎಳ್ಕೊಳ್ತಿದ್ಲು. ತಗಡಿನ ಸದ್ದು ಕೇಳಿದ್ರೆ ಅತ್ತೆ ಅಡುಗೆಮನೆ ಕಿಟಕಿ ಹಾಕು ಅನ್ನೋರು.’

‘ನೀವು?’

‘ಹಾಕ್ತಿದ್ದೆ.’

ಒಳಚರಂಡಿ ಬಂದು ನಮ್ಮನೆ ತಗಡು ಹೋಯಿತು. ಎಲ್ಲ ಕಡೆ ಹೋಗಿರಲಿಲ್ಲ. 1970ರ ದಶಕದಲ್ಲಿ ದೇವರಾಜ ಅರಸು ಸರ್ಕಾರದಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪ ತಲೆ ಮೇಲೆ ಮಲ ಹೊರುವುದನ್ನು ನಿಷೇಧಿಸಬೇಕಾಗಿ ಬಂತು ಅಂದರೆ ಲೆಕ್ಕ ಹಾಕಿ.

ಬೀರುವಿನ ಬಾಗಿಲು ಬಿಚ್ಚಿದ ಮೇಲೆ ಅದು ಹೊರಗೆ ಬಂತು. ಒಂದು ಪಕ್ಕ ಪೂರಾ ಗೀಚಿಹೋಗಿತ್ತು. ಬೇರೆ ದಿನವಾಗಿದ್ದರೆ ದೊಡ್ಡಮ್ಮ ಹುಡುಗರ ಚಳಿ ಬಿಡಿಸುತ್ತಿದ್ದರು. ಅವತ್ತು ನೋಡಲೂ ಇಲ್ಲ.

‘ಹಾಲಿನವನು ಹಸು ತಂದು ಮುಂದಿನ ಬಾಗಿಲಲ್ಲೇ ಕರೀತಿದ್ದ. ಗೌರಿ ಅಂತ ಅದರ ಹೆಸರು. ಬಿಳೀದು, ಹಣೇಲಿ ಕಪ್ಪು ಚುಕ್ಕೆ’ ಅಂದರು.

‘ಅವಳ ಹೆಸರು?’

‘ಯಾರದು?’

‘ಹಿಂದಿನ ಬಾಗಿಲವಳದು.’

ಉತ್ತರ ಬರಲಿಲ್ಲ. ಡ್ರೈವರ್ ಹಾರ್ನ್ ಹೊಡೆದ. ದೊಡ್ಡಮ್ಮನನ್ನು ಮುಂದಿನ ಸೀಟಿಗೆ ಹತ್ತಿಸಿ, ನಾನು ಪಕ್ಕ ಒತ್ತಿಕೊಂಡು ಕೂತೆ. ಹೂವು ತಗೊಂಡೇ ಹೋಗಬೇಕು ಅಂದರು. ಮಾರ್ಗೋಸಾ ರಸ್ತೆಯಲ್ಲಿ ನಿಲ್ಲಿಸಿ ನಾಲ್ಕು ಮೊಳ ಕನಕಾಂಬರ, ಎರಡು ತಾವರೆ ತಂದೆ. ರೇಟು ಕೇಳಿ ಬೈದರು. ಮೇಖ್ರಿ ಸರ್ಕಲ್ ಸಿಗ್ನಲ್ಲಿನಲ್ಲಿ ನಿಂತಾಗ ನನ್ನ ಮೊಣಕೈ ಹಿಡಿದರು.

‘ಮು ಅಂತ ಶುರುವಾಗ್ತಿತ್ತು ಕಣೋ.’ ಆಮೇಲೆ ತಾವರೆಯನ್ನು ಸರಿಮಾಡಿ ಮಡಿಲಲ್ಲಿಟ್ಟುಕೊಂಡು, ‘ಅಲ್ಲ, ಅದು ಹೂವಿನವಳದ್ದು’ ಅಂದರು.