ಕಾಗದದ ಹೂವಿನ ಕಾರ್ಡುಗಳು: 612 ಆಯಿತು, ಇನ್ನು 280

ನಮ್ಮ ಸೊಸೈಟಿಯ ಹಳೇ ಕಾರ್ಡುಗಳನ್ನು ಕಂಪ್ಯೂಟರಿಗೆ ಹಾಕುವ ಕೆಲಸದಲ್ಲಿ ಈ ಭಾನುವಾರ ಎರಡನೇ ಟ್ರಂಕು ಖಾಲಿಯಾಯಿತು. ಲೆಕ್ಕ ಮೊದಲೇ ಹೇಳಿಬಿಡುತ್ತೇನೆ. ಸ್ಕ್ಯಾನ್ ಆಗಿರುವ ಕಾರ್ಡು 612. ಅದರಲ್ಲಿ ಟೈಪ್ ಆಗಿ, ಇಬ್ಬರು ಬೇರೆ ಬೇರೆ ಕೂತು ತಾಳೆ ನೋಡಿದ್ದು 340. ಇನ್ನೂ ಮುಟ್ಟದೇ ಇರುವುದು ಸುಮಾರು 280.

ಹೊಸದಾಗಿ ಸೇರಿದವರಿಗಾಗಿ ಸ್ವಲ್ಪ ಹಿನ್ನೆಲೆ. ಬೆಂಗಳೂರಿನ ನಮ್ಮ ಗಾರ್ಡನಿಂಗ್ ಸೊಸೈಟಿಯ ಹಳೇ ಸದಸ್ಯರಿಗೆ ಬೋಗನ್‌ವಿಲ್ಲಾ ಅಂದರೆ ಪ್ರಾಣ. ನಮ್ಮ ಬೀದಿಯಲ್ಲಿ ಎಲ್ಲರೂ ಕಾಗದದ ಹೂ ಅನ್ನುತ್ತಾರಲ್ಲ, ಅದೇ. ಯಾರ ಮನೆಯಲ್ಲಿ ಹೊಸ ಬಣ್ಣ ಕಂಡರೂ ಒಂದು ಕಾರ್ಡು ಬರೆದಿಡುತ್ತಿದ್ದರು. ನಿಜಕ್ಕೂ ಹೊಸದು ಅನ್ನಿಸಿದರೆ ಅರ್ಜಿ ತುಂಬಿ ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಗೆ ಕಳಿಸುತ್ತಿದ್ದರು. ಗುಲಾಬಿಯ ಹೆಸರುಗಳನ್ನು ಅಮೆರಿಕನ್ ರೋಸ್ ಸೊಸೈಟಿ ನೋಂದಾಯಿಸುವ ಹಾಗೆ, ಇಡೀ ಪ್ರಪಂಚದ ಬೋಗನ್‌ವಿಲ್ಲಾ ಹೆಸರುಗಳನ್ನು ನೋಂದಾಯಿಸುವ ಹೊಣೆ ದೆಹಲಿಯ ಆ ಸಂಸ್ಥೆಯದು. ಹೀಗೆ ನೋಂದಾಯಿಸಿದರೆ ಗಿಡದ ಮೇಲೆ ಯಾರಿಗೂ ಹಕ್ಕು ಬರುವುದಿಲ್ಲ, ಅದಕ್ಕೆ 2001ರ ಕಾಯ್ದೆ ಬೇರೆ ಇದೆ. ಒಂದೇ ಹೆಸರು ಎರಡು ಗಿಡಕ್ಕೆ ಬೀಳಬಾರದು ಅನ್ನುವುದಷ್ಟೇ ಇದರ ಉದ್ದೇಶ.

ಎರಡು ತಿಂಗಳು ಬರೀ ಬಣ್ಣದಲ್ಲೇ ಕಳೆಯಿತು. ಈ ಗಿಡದಲ್ಲಿ ನಮಗೆ ಬಣ್ಣವಾಗಿ ಕಾಣುವುದು ಹೂವಲ್ಲ, ಹೂವಿನ ಸುತ್ತ ಇರುವ ಮೂರು ಎಲೆಗಳು. ನಿಜವಾದ ಹೂವು ಒಳಗೆ ಕೊಳವೆಯ ಹಾಗೆ ಸಣ್ಣಗೆ, ಬೆಳ್ಳಗೆ ಇರುತ್ತದೆ. ಆ ಬಣ್ಣದ ಎಲೆ ಎಳೆಯದಿದ್ದಾಗ ಒಂದು ಬಣ್ಣ, ಬಲಿತಾಗ ಒಂದು, ಉದುರುವ ಹೊತ್ತಿಗೆ ಇನ್ನೊಂದು. ಅದಕ್ಕೇ ಕಾರ್ಡಿನಲ್ಲಿ ಬಣ್ಣಕ್ಕೆ ಮೂರು ಖಾನೆ. ಮೂರರಲ್ಲೂ ಅಂಕಿಗಳಿವೆ, ಆದರೆ ಯಾವ ಬಣ್ಣದ ಚಾರ್ಟು ನೋಡಿ ಬರೆದ ಅಂಕಿ ಅನ್ನುವುದನ್ನು ಮುಕ್ಕಾಲು ಪಾಲು ಕಾರ್ಡಿನಲ್ಲಿ ಬರೆದಿಲ್ಲ.

ಕೊನೆಗೆ ದಾರಿ ಸಿಕ್ಕಿದ್ದು ಚಾರ್ಟುಗಳಲ್ಲೇ. 1938ರಲ್ಲಿ ಮೊದಲ ಭಾಗ ಬಂದ ಹಳೇ ಹಾರ್ಟಿಕಲ್ಚರಲ್ ಕಲರ್ ಚಾರ್ಟಿನಲ್ಲಿ ಪ್ರತಿ ಬಣ್ಣಕ್ಕೂ ಒಂದು ಹೆಸರು, ಒಂದು ಅಂಕಿ. ಬಣ್ಣ ತಿಳಿಯಾಗುತ್ತಾ ಹೋದ ಹಾಗೆ ಅಂಕಿಯ ಮುಂದೆ ಓರೆಗೆರೆ ಎಳೆದು 1, 2, 3 ಅಂತ ಬರೆಯುತ್ತಾರೆ. 1966ರಲ್ಲಿ ಇಂಗ್ಲೆಂಡಿನ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿ ತಂದ ಚಾರ್ಟು ಬೀಸಣಿಗೆಯ ಹಾಗೆ ಬಿಚ್ಚಿಕೊಳ್ಳುತ್ತದೆ, ಅದರಲ್ಲಿ ಅಂಕಿಯ ಪಕ್ಕ ಎ, ಬಿ, ಸಿ, ಡಿ ಇರುತ್ತದೆ. ಅಂದರೆ ಓರೆಗೆರೆ ಇದ್ದರೆ ಹಳೇ ಚಾರ್ಟು, ಅಕ್ಷರ ಇದ್ದರೆ ಹೊಸದು! ಇದು ಹೊಳೆದ ಸಂಜೆ 200ಕ್ಕೂ ಜಾಸ್ತಿ ಕಾರ್ಡು ಒಂದೇ ಸಲಕ್ಕೆ ಬೇರೆಯಾದವು. ಬರೀ ಅಂಕಿ ಇರುವ ಕಾರ್ಡುಗಳಲ್ಲಿ ಚಾರ್ಟಿನ ಖಾನೆ ಖಾಲಿ ಬಿಟ್ಟಿದ್ದೇವೆ. ಹಳೇ ಅಂಕಿಯನ್ನೆಲ್ಲ ಹೊಸ ಚಾರ್ಟಿಗೆ ಬದಲಿಸಿಬಿಡೋಣ ಅಂತ ಒಬ್ಬರು ಕೇಳಿದರು. ನಾನು ಬೇಡ ಅಂದೆ. ಅವತ್ತು ಬೆಳಗಿನ ಬಿಸಿಲಿನಲ್ಲಿ ಗಿಡದ ಪಕ್ಕ ಚಾರ್ಟು ಹಿಡಿದು ನೋಡಿದವರು ಕಾರ್ಡು ಬರೆದವರು. ನಮ್ಮ ಕೈಯಲ್ಲಿರುವುದು ಅವರು ಬರೆದ ಅಂಕಿ ಮಾತ್ರ, ಅಲ್ವಾ.

ಕೆಲವು ಕಾರ್ಡಿಗೆ ಒಣಗಿದ ಹೂವನ್ನೇ ಸೆಲ್ಲೋ ಟೇಪಿನಲ್ಲಿ ಅಂಟಿಸಿದ್ದಾರೆ. ಟೇಪು ಹಳದಿಯಾಗಿದೆ, ಹೂವು ಕಂದಾಗಿದೆ. ಕೀಳಲು ಹೋಗಲಿಲ್ಲ. ಹಾಗೇ ಸ್ಕ್ಯಾನ್ ಮಾಡಿ ಬಟರ್ ಪೇಪರಿನ ಕವರಿಗೆ ಹಾಕಿಟ್ಟೆವು.

ಮುಂದಿನದು ಕನ್ನಡ ಫೈಲುಗಳ ಕಥೆ. ಇಪ್ಪತ್ತು ವರ್ಷದ ಹಿಂದೆ ಯಾರೋ ಪುಣ್ಯಾತ್ಮರು ಒಂದಷ್ಟು ಕಾರ್ಡುಗಳನ್ನು ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿ ಸೀಡಿಗೆ ಹಾಕಿಟ್ಟಿದ್ದರು. ಅದು ಈಗ ಎಲ್ಲ ಕಡೆ ಬಳಸುವ ಯೂನಿಕೋಡ್ ಅಲ್ಲ. ಈಗಿನ ಕಂಪ್ಯೂಟರಿನಲ್ಲಿ ತೆರೆದರೆ ಬರೀ ಚಿತ್ರವಿಚಿತ್ರ ಅಕ್ಷರ. ಪರಿವರ್ತಕದಲ್ಲಿ ಹಾಕಿದಾಗ ಮುಕ್ಕಾಲು ಭಾಗ ಸರಿಯಾಗಿ ಬಂತು, ಆದರೆ ಅರ್ಕಾವತ್ತು ಮಾತ್ರ ಎಲ್ಲ ಕಡೆ ಕೆಟ್ಟಿತ್ತು. ಹಳೇ ಫಾಂಟಿನಲ್ಲಿ ಅರ್ಕಾವತ್ತು ಅಕ್ಷರ ಆದಮೇಲೆ ಕೂರುತ್ತದೆ, ಯೂನಿಕೋಡಿನಲ್ಲಿ ರಕಾರ ಮೊದಲೇ ಬರಬೇಕು. ಹಾಗಾಗಿ ‘ಪಾರ್ಥ’ ಅನ್ನುವ ತಳಿಯ ಹೆಸರು ‘ಪಾಥ೯’ ಆಗಿತ್ತು, ‘ಅರ್ಜುನ’ ‘ಅಜು೯ನ’ ಆಗಿತ್ತು. ಹುಡುಕಿದರೆ ಎರಡೂ ಸಿಗುತ್ತಿರಲಿಲ್ಲ.

ಇವೆರಡನ್ನು ಸರಿಮಾಡಿದ ಮೇಲೆ ಇನ್ನೊಂದು ತೊಂದರೆ. ನಮ್ಮ ಜೊತೆ ಕೆಲಸ ಮಾಡುವ ಕಾಲೇಜು ಹುಡುಗ ತುಂಬಾ ಶ್ರದ್ಧೆಯವನು. ಪಾರ್ಥ ಅಂದರೂ ಅರ್ಜುನ ಅಂದರೂ ಒಬ್ಬನೇ ತಾನೇ, ಒಂದೇ ತಳಿಗೆ ಎರಡು ಹೆಸರು ಇರಬೇಕು ಅಂದುಕೊಂಡು ಎರಡು ದಾಖಲೆಯನ್ನೂ ಒಂದು ಮಾಡಿಬಿಟ್ಟಿದ್ದ. ಭಾರತ ಓದಿದ ಯಾರಿಗಾದರೂ ಹಾಗೆ ಅನ್ನಿಸುವುದು ಸಹಜ. ಆದರೆ ಇವು ಎರಡು ಬೇರೆ ಗಿಡ. ಲಖನೌನ ರಾಷ್ಟ್ರೀಯ ಸಸ್ಯಶಾಸ್ತ್ರ ಸಂಶೋಧನಾ ಸಂಸ್ಥೆಯವರು ‘ಪಾರ್ಥ’ದ ಮೇಲೆ ಗಾಮಾ ಕಿರಣ ಹಾಯಿಸಿ ಪಡೆದ, ಗಿಡದ ಮಾಮೂಲಿ ಎಲೆಯ ಮೇಲೆ ಎರಡು ಬಣ್ಣ ಇರುವ ತಳಿ ‘ಅರ್ಜುನ’. ಹೆಸರಿಟ್ಟವರು ಎಷ್ಟು ಚೆನ್ನಾಗಿ ಇಟ್ಟಿದ್ದಾರೆ ನೋಡಿ. ಎರಡನ್ನೂ ಮತ್ತೆ ಬಿಡಿಸಿ, ಒಂದರಿಂದ ಇನ್ನೊಂದಕ್ಕೆ ಕೊಂಡಿ ಹಾಕಿದ್ದೇವೆ.

ಇದಾದ ಮೇಲೆ ಒಂದು ನಿಯಮ ಮಾಡಿಕೊಂಡೆವು. ಕಾರ್ಡಿನಲ್ಲಿ ಹೇಗಿದೆಯೋ ಹಾಗೇ ಒಂದು ಖಾನೆಯಲ್ಲಿ, ತಪ್ಪಿದ್ದರೆ ತಪ್ಪಿನ ಸಮೇತ. ಸರಿಯಾದ ಹೆಸರು ಪಕ್ಕದ ಖಾನೆಯಲ್ಲಿ. ‘ಮಹಾರಾ’ ಅನ್ನುವ ತಳಿಯ ಹೆಸರು ಟೈಪ್ ಮಾಡಿದರೆ ಫೋನು ತಾನಾಗಿ ‘ಮಹಾರಾಜ’ ಮಾಡುತ್ತದೆ, ಹುಷಾರು. ಅದೇ ಗಿಡ ಬೇರೆ ದೇಶಗಳಲ್ಲಿ ‘ಮನಿಲಾ ಮ್ಯಾಜಿಕ್ ರೆಡ್’, ‘ಕ್ಲಾಂಗ್ ಫೈರ್’ ಅಂತೆಲ್ಲ ಮಾರಾಟವಾಗುತ್ತದೆ, ಆ ಹೆಸರುಗಳಿಗೆ ಮೂರನೇ ಖಾನೆ. ಕನ್ನಡದಲ್ಲಿ ಬರೆಯುವಾಗ ಹೆಸರನ್ನು ಅನುವಾದ ಮಾಡಬಾರದು, ಉಚ್ಚಾರಣೆಯನ್ನು ಮಾತ್ರ ನಮ್ಮ ಲಿಪಿಗೆ ತರಬೇಕು. ಬೆಳೆಸಿದ ಗಿಡಗಳ ಹೆಸರಿಗೆ 1953ರಿಂದ ಇರುವ ಅಂತಾರಾಷ್ಟ್ರೀಯ ನಿಯಮಾವಳಿ ಹೇಳುವುದೂ ಇದನ್ನೇ.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ ವಿಷಯಕ್ಕೆ ಬರುತ್ತೇನೆ. ಈ ಗಿಡದಲ್ಲಿ ಎಷ್ಟೋ ತಳಿಗಳು ಬೀಜದಿಂದ ಹುಟ್ಟಿದ್ದಲ್ಲ. ಇದ್ದಕ್ಕಿದ್ದ ಹಾಗೆ ಒಂದು ರೆಂಬೆ ಮಾತ್ರ ಬೇರೆ ಬಣ್ಣ ಬಿಡುತ್ತದೆ. ನರ್ಸರಿಯವರು ಇದಕ್ಕೆ ಸ್ಪೋರ್ಟ್ ಅನ್ನುತ್ತಾರೆ. ಆ ರೆಂಬೆಯ ಕಡ್ಡಿ ನೆಟ್ಟು ಬೇರು ಬರಿಸಿದರೆ ಹೊಸ ತಳಿ ಉಳಿಯಿತು, ಗೊತ್ತಿಲ್ಲದೆ ಸವರಿಬಿಟ್ಟರೆ ಹೋಯಿತು. ಒಂದೇ ಗಿಡದಲ್ಲಿ ಬಿಳಿ, ಗಾಢ ಗುಲಾಬಿ ಎರಡನ್ನೂ ಬಿಡುವ ‘ಮೇರಿ ಪಾಮರ್’ ಹೀಗೆ ಸಿಕ್ಕಿದ್ದು, 1949ರಲ್ಲಿ, ಕಲ್ಕತ್ತೆಯಲ್ಲಿ. ಅದೂ ಒಂದು ಗಾರ್ಡನಿಂಗ್ ಸೊಸೈಟಿಯ ತೋಟದಲ್ಲೇ, 1820ರಲ್ಲಿ ವಿಲಿಯಂ ಕೇರಿ ಕಟ್ಟಿದ ಅಗ್ರಿ-ಹಾರ್ಟಿಕಲ್ಚರಲ್ ಸೊಸೈಟಿ ಅದು. ಮುಂದೆ ‘ಮೇರಿ ಪಾಮರ್’ನ ರೆಂಬೆಯೊಂದರಲ್ಲಿ ಹಸಿರೆಲೆಯ ನಡುವೆ ಹಳದಿ ಬಂದು ‘ತಿಮ್ಮ’ ಆಯಿತು. ನಮ್ಮೂರುಗಳಲ್ಲಿ ಕೂಗಿ ಕರೆಯುವ ಹೆಸರು ಪ್ರಪಂಚದ ಪಟ್ಟಿಯಲ್ಲಿ ಇದೆ ಅಂದರೆ ನನಗೆ ಪ್ರತಿ ಸಲ ಖುಷಿಯಾಗುತ್ತದೆ.

ಅಂಥ ರೆಂಬೆ ಮೊದಲು ಯಾರ ಕಣ್ಣಿಗೆ ಬೀಳುತ್ತದೆ? ದಿನಾ ನೀರು ಹಾಕುವವರ ಕಣ್ಣಿಗೆ, ಕತ್ತರಿ ಹಿಡಿದವರ ಕಣ್ಣಿಗೆ. ಆದರೆ ಕಾರ್ಡಿನ ಮುಂಭಾಗದಲ್ಲಿ ‘ಪಡೆದವರು’ ಅನ್ನುವ ಜಾಗದಲ್ಲಿ ಇರುವುದು ಮನೆಯ ಯಜಮಾನರ ಹೆಸರು. ಹಿಂದೆ ತಿರುಗಿಸಿದರೆ ಪೆನ್ಸಿಲಿನಲ್ಲಿ ಸಣ್ಣಗೆ ‘ಮಾಲಿ ತೋರಿಸಿದ್ದು, ಕೆಳಗಿನ ರೆಂಬೆ’ ಅಂತ ಇರುತ್ತದೆ. ಇಂಥ ಕಾರ್ಡು ಇಲ್ಲಿಯವರೆಗೆ 47 ಸಿಕ್ಕಿವೆ. ಮೊದಲ ತಿಂಗಳು ನಾವು ಮುಂಭಾಗ ಮಾತ್ರ ಸ್ಕ್ಯಾನ್ ಮಾಡುತ್ತಿದ್ದೆವು, ಅಷ್ಟನ್ನೂ ಮತ್ತೆ ತೆಗೆದು ಹಿಂಭಾಗವನ್ನೂ ಮಾಡಿದೆವು. ‘ಮೊದಲು ಕಂಡವರು’ ಅಂತ ಹೊಸ ಖಾನೆ ಸೇರಿಸಿದ್ದೇನೆ. ಅರ್ಜಿಯಲ್ಲಿ ಇಲ್ಲದ ಖಾನೆ ನಮಗೆ ಯಾಕೆ ಅಂತ ಸಭೆಯಲ್ಲಿ ಪ್ರಶ್ನೆ ಬಂತು. ನಾನು ಒಪ್ಪಲಿಲ್ಲ. ಪೆನ್ಸಿಲಿನಲ್ಲಿ ಬರೆದಿಟ್ಟವರಿಗೆ ಇದು ಬೇಕು ಅನ್ನಿಸಿದ್ದಕ್ಕೇ ತಾನೇ ಬರೆದದ್ದು.

ಹೋದ ವಾರ ಸೊಸೈಟಿಯ ಹಳೇ ಮಾಲಿಯ ಮನೆಗೆ ಹೋಗಿದ್ದೆ. ನಾವೆಲ್ಲ ತಾತ ಅಂತಲೇ ಕರೆಯುವುದು. ಟ್ಯಾಬಿನಲ್ಲಿ ಒಂದೊಂದೇ ಕಾರ್ಡು ತೋರಿಸುತ್ತಾ ಹೋದೆ. ಒಂದು ಕಾರ್ಡು ಬಂದಾಗ ನನ್ನ ಕೈ ಹಿಡಿದು ನಿಲ್ಲಿಸಿದರು.

“ಇದನ್ನ ಕಂಡಿದ್ದು ನಾನಲ್ಲಮ್ಮ, ನಮ್ಮಕ್ಕ. ಬೆಳಗ್ಗೆ ಕಸ ಗುಡಿಸ್ತಾ ಇದ್ಳು. ಪೊರಕೆಗೆ ಸಿಕ್ಕಿದ ಹೂವಲ್ಲಿ ನಾಕು ಹೂ ಬೇರೆ ಬಣ್ಣ ಇತ್ತು. ಆಮೇಲೆ ತಲೆ ಎತ್ತಿ ರೆಂಬೆ ಹುಡುಕಿದ್ಳು.”

ಅವತ್ತೇ ರಾತ್ರಿ ಖಾನೆ ತಿದ್ದಿದೆ. ಅವರ ಅಕ್ಕನ ಪೂರ್ತಿ ಹೆಸರು ತಾತನೇ ಬರೆದುಕೊಟ್ಟರು, ಆ ಚೀಟಿಯನ್ನೂ ಸ್ಕ್ಯಾನ್ ಮಾಡಿ ಕಾರ್ಡಿನ ಜೊತೆ ಇಟ್ಟಿದ್ದೇನೆ. ಆ ತಳಿ ಯಾವ ನರ್ಸರಿಯಲ್ಲೂ ಸಿಕ್ಕಿರಲಿಲ್ಲ. ಪಂಪ್‌ಹೌಸಿನ ಹಿಂದೆ ನೋಡಮ್ಮ, ಇದ್ದರೂ ಇರಬಹುದು ಅಂದರು. ನಿನ್ನೆ ಹೋಗಿ ನೋಡಿದೆ. ಹಳೇ ಬುಡ ಇದೆ, ಅದರ ಮೇಲೆ ಎರಡು ಹೊಸ ರೆಂಬೆ ಬಂದಿವೆ, ಹೂವು ಇನ್ನೂ ಬಂದಿಲ್ಲ. ಬುಡಕ್ಕೆ ಕೆಂಪು ದಾರ ಕಟ್ಟಿದ್ದೇನೆ. ಬಣ್ಣ ಕಾಣುವ ತನಕ ದಯವಿಟ್ಟು ಯಾರೂ ಅದಕ್ಕೆ ಕತ್ತರಿ ಹಾಕಬೇಡಿ.